ಕಿವಿರಿನ ಮೇಲೆ ಕಪ್ಪು ಮಚ್ಚೆಯ ಮೀನು: ಸನ್‌ಫಿಶ್ ಎಂದರೆ ಯಾವುದು?

ಪ್ರಶ್ನೆ: ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನನ್ನ ಮೊಮ್ಮಗ ಬೇಸಿಗೆ ರಜೆಯಲ್ಲಿ ಕೆರೆಯೊಂದರಲ್ಲಿ ಗಾಳ ಹಾಕಿ ಹಿಡಿದ ಮೀನಿನ ಫೋಟೊ ಕಳಿಸಿದ್ದಾನೆ. ಅಂಗೈ ಅಗಲದ ದುಂಡನೆಯ ಚಪ್ಪಟೆ ಮೀನು, ಎದೆ ಕಿತ್ತಳೆ ಬಣ್ಣ, ಕಿವಿಯಂಥ ಜಾಗದಲ್ಲಿ ಕಪ್ಪು ಮಚ್ಚೆ. ಅದಕ್ಕೆ ಸನ್‌ಫಿಶ್ ಎನ್ನುತ್ತಾರಂತೆ. ಪುಸ್ತಕ ತೆಗೆದು ನೋಡಿದರೆ ಸನ್‌ಫಿಶ್ ಸಮುದ್ರದ ಮೀನು, ಸಾವಿರ ಕಿಲೊಗೂ ಮೀರಿ ತೂಗುತ್ತದೆ ಎಂದಿದೆ. ನನ್ನ ಕಣ್ಣಿಗೆ ಇದು ನಮ್ಮ ಕೆರೆಗಳ ಜಿಲೇಬಿ ಮೀನಿನ ಹಾಗೇ ಕಾಣುತ್ತದೆ. ನಿಜಕ್ಕೂ ಇದು ಯಾವ ಮೀನು? ಯಾವ ಕುಟುಂಬಕ್ಕೆ ಸೇರಿದ್ದು?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಅದರಲ್ಲೂ ಮೀನಿನ ಚಹರೆಯನ್ನು ಇಷ್ಟು ಗಮನವಿಟ್ಟು ಬರೆದಿರುವುದರಿಂದ ಉತ್ತರ ಕೊಡುವ ನನ್ನ ಕೆಲಸ ಅರ್ಧ ಮುಗಿದಂತೆಯೇ ಆಗಿದೆ. ನಿಮ್ಮ ಗೊಂದಲವೂ ಸಹಜವಾದದ್ದು. ನಿಮ್ಮ ಮೊಮ್ಮಗನೂ ಸರಿ, ನಿಮ್ಮ ಪುಸ್ತಕವೂ ಸರಿ. ಸಂಬಂಧವೇ ಇಲ್ಲದ ಎರಡು ಮೀನುಗಳು ಒಂದೇ ಹೆಸರು ಹೊತ್ತಿವೆ, ಅಷ್ಟೇ.

ಮೊದಲು ಈ ತೊಡಕನ್ನು ಬಿಡಿಸಿಬಿಡೋಣ. ಪುಸ್ತಕದಲ್ಲಿ ನೀವು ನೋಡಿದ್ದು ಮೋಲಾ ಎಂಬ ಸಾಗರವಾಸಿ. ನಮ್ಮ ಕರಾವಳಿಯಲ್ಲಿ ಬಲೆಗೆ ಬಿದ್ದಾಗ ಮೈ ಉಬ್ಬಿಸಿಕೊಳ್ಳುವ ಪಫರ್ ಮೀನುಗಳ ಗಣಕ್ಕೆ ಸೇರಿದ್ದು. ಅದಕ್ಕೆ ಸರಿಯಾದ ಬಾಲವೇ ಇಲ್ಲ. ಹಿಂಭಾಗ ಕತ್ತರಿಸಿಟ್ಟಂತೆ ಮೊಂಡಾಗಿ ಮುಗಿಯುತ್ತದೆ. ತೆರೆದ ಕಡಲಿನಲ್ಲಿ ಅಂಬಲಿ ಮೀನು ಮುಂತಾದ ಮೆತ್ತನೆಯ ಜೀವಿಗಳನ್ನು ತಿಂದು ಟನ್‌ಗಟ್ಟಲೆ ಬೆಳೆಯುತ್ತದೆ. ನಿಮ್ಮ ಮೊಮ್ಮಗ ಹಿಡಿದದ್ದು ಸಿಹಿನೀರಿನ ಸನ್‌ಫಿಶ್. ಅವುಗಳ ಕುಟುಂಬಕ್ಕೆ ಸೆಂಟ್ರಾರ್ಕಿಡೆ ಎಂದು ಹೆಸರು. ಉತ್ತರ ಅಮೆರಿಕದ ನದಿ, ಕೆರೆ, ಜೌಗುಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಈ ಕುಟುಂಬ ತಾನಾಗಿ ಹುಟ್ಟಿ ಬೆಳೆದದ್ದಲ್ಲ. ಅದರಲ್ಲೂ ಒಂದೇ ಒಂದು ಪ್ರಭೇದವನ್ನು ಬಿಟ್ಟು ಉಳಿದವೆಲ್ಲ ರಾಕಿ ಪರ್ವತಗಳ ಪೂರ್ವಕ್ಕೇ ಸೇರಿದವು. ಆ ಒಂದು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪರ್ಚ್, ಬೆಟ್ಟಸಾಲಿನ ಆಚೆ ಬದಿಯಲ್ಲಿ ಒಂಟಿಯಾಗಿ ಉಳಿದುಕೊಂಡಿದೆ.

ಇನ್ನು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಹೋಲಿಕೆ ನಿಮ್ಮ ಕಣ್ಣಿನ ತಪ್ಪಲ್ಲ. ಎರಡೂ ಅಗಲವಾದ ಚಪ್ಪಟೆ ಮೈಯವು, ಎರಡರ ಬೆನ್ನಿನ ಮೇಲೂ ಮುಂದೆ ಚೂಪು ಮುಳ್ಳು, ಹಿಂದೆ ಮೆತ್ತನೆ ಕಡ್ಡಿಗಳಿರುವ ಉದ್ದನೆಯ ಈಜುರೆಕ್ಕೆ. ಆದರೆ ಮೂತಿಯನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿದುಹೋಗುತ್ತದೆ. ತಿಲಾಪಿಯಾಕ್ಕೆ ಮೂತಿಯ ಒಂದೊಂದು ಬದಿಗೆ ಒಂದೇ ಮೂಗಿನ ಹೊಳ್ಳೆ. ಸನ್‌ಫಿಶ್‌ಗೆ ಒಂದೊಂದು ಬದಿಗೆ ಎರಡೆರಡು. ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಸಾಗುವ ಸಣ್ಣ ರಂಧ್ರಗಳ ಗೆರೆಯನ್ನು, ಅಂದರೆ ಪಾರ್ಶ್ವರೇಖೆಯನ್ನು, ನೋಡಿ: ತಿಲಾಪಿಯಾದಲ್ಲಿ ಅದು ನಡುವೆ ತುಂಡಾಗಿ ಒಂದಷ್ಟು ಕೆಳಗಿನಿಂದ ಮತ್ತೆ ಶುರುವಾಗುತ್ತದೆ, ಸನ್‌ಫಿಶ್‌ನಲ್ಲಿ ಒಂದೇ ಎಳೆಯಾಗಿ ಹೋಗುತ್ತದೆ. ತಿಲಾಪಿಯಾದ ಮೂಲ ಆಫ್ರಿಕಾ. ನಮ್ಮ ದೇಶಕ್ಕೆ ಅದನ್ನು ತಂದದ್ದು 1952ರಲ್ಲಿ. ಸನ್‌ಫಿಶ್‌ಗೂ ಅದಕ್ಕೂ ರಕ್ತಸಂಬಂಧ ಬಹಳ ದೂರದ್ದು. ನಿಂತ ನೀರಿನಲ್ಲಿ, ಜೊಂಡಿನ ನಡುವೆ ಥಟ್ಟನೆ ತಿರುಗಿ ಓಡಾಡುವ ಮೀನಿಗೆ ಅಗಲ ಮೈ ಅನುಕೂಲ. ಆದ್ದರಿಂದ ಎರಡು ಖಂಡಗಳಲ್ಲಿ ಎರಡು ವಂಶಗಳು ಬೇರೆ ಬೇರೆಯಾಗಿಯೇ ಆ ಆಕಾರಕ್ಕೆ ಬಂದು ನಿಂತಿವೆ.

ಈಗ ನಿಮ್ಮ ಫೋಟೊದ ಮೀನು. ನೀವು 'ಕಿವಿ' ಎಂದು ಬರೆದದ್ದು ಕಿವಿರಿನ ಮುಚ್ಚಳದ ಹಿಂಭಾಗದಲ್ಲಿ ಚಾಚಿಕೊಂಡಿರುವ ಮೆತ್ತನೆಯ ತುದಿ. ಮೀನಿಗೆ ಹೊರಗಿವಿ ಇಲ್ಲ, ಆದರೂ ಗಾಳ ಹಾಕುವ ಅಮೆರಿಕನ್ನರೂ ಅದನ್ನು ಕಿವಿ ಎಂದೇ ಕರೆಯುತ್ತಾರೆ, ಹಾಗಾಗಿ ನಾವೂ ಹಾಗೇ ಅನ್ನೋಣ. ಲೆಪೊಮಿಸ್ ಎಂಬ ಕುಲದ ಮೀನುಗಳನ್ನು ಗುರುತಿಸಲು ಈ ಕಿವಿಯೇ ಒಳ್ಳೆಯ ಗುರುತಿನ ಚೀಟಿ. ಕಿವಿ ಅಂಚಿನವರೆಗೂ ಪೂರ್ತಿ ಕಪ್ಪಾಗಿದ್ದು, ಬೆನ್ನಿನ ಈಜುರೆಕ್ಕೆಯ ಹಿಂಭಾಗದ ಬುಡದಲ್ಲಿ ಇನ್ನೊಂದು ಮಸುಕು ಕಪ್ಪು ಕಲೆ ಇದ್ದರೆ ಅದು ಬ್ಲೂಗಿಲ್. ಕಪ್ಪು ಕಿವಿಯ ತುದಿಯಲ್ಲಿ ಕೆಂಪು ಅಥವಾ ಕಿತ್ತಳೆ ಚುಕ್ಕೆ, ಕೆನ್ನೆಯ ಮೇಲೆ ಅಲೆಅಲೆಯಾದ ನೀಲಿ ಗೆರೆಗಳಿದ್ದರೆ ಪಂಪ್‌ಕಿನ್‌ಸೀಡ್. ಬಾಯಿ ದೊಡ್ಡದಾಗಿ, ಮೇಲ್ದವಡೆ ಕಣ್ಣಿನ ಕೆಳಗಿನವರೆಗೆ ಹೋಗಿದ್ದು, ಕಿವಿಗೆ ಹಳದಿ ಛಾಯೆಯ ತೆಳು ಅಂಚು ಇದ್ದರೆ ಗ್ರೀನ್ ಸನ್‌ಫಿಶ್. ಮಿಷಿಗನ್‌ನಲ್ಲಿ ಮೂರೂ ಧಾರಾಳವಾಗಿ ಸಿಗುತ್ತವೆ. ನೀವು ಬರೆದ ಕಪ್ಪು ಮಚ್ಚೆ, ಕಿತ್ತಳೆ ಎದೆ ಎರಡೂ ಗಂಡು ಬ್ಲೂಗಿಲ್‌ನ ಕಡೆ ಬೆರಳು ಮಾಡುತ್ತವೆ. ಶಾಸ್ತ್ರೀಯ ಹೆಸರು ಲೆಪೊಮಿಸ್ ಮ್ಯಾಕ್ರೊಕೈರಸ್. ಪಕ್ಕದ ಇಲಿನಾಯ್ ರಾಜ್ಯ ಇದನ್ನೇ ತನ್ನ ರಾಜ್ಯ ಮೀನು ಎಂದು ಆರಿಸಿಕೊಂಡಿದೆ.

ಯಾವ ಕುಟುಂಬ ಎಂದು ಕೇಳಿದ್ದೀರಿ, ಅದರಲ್ಲಿ ಇನ್ನು ಯಾರ್‍ಯಾರು ಇದ್ದಾರೆ ಎಂಬುದನ್ನೂ ಹೇಳುತ್ತೇನೆ. ಒಟ್ಟು ಎಂಟು ಕುಲಗಳು. ದೊಡ್ಡವು ಎರಡು: ಬ್ಲೂಗಿಲ್ ಮತ್ತು ಅದರ ದಾಯಾದಿಗಳ ಲೆಪೊಮಿಸ್, ಲಾರ್ಜ್‌ಮೌತ್, ಸ್ಮಾಲ್‌ಮೌತ್ ಮುಂತಾದ ಬ್ಲ್ಯಾಕ್ ಬಾಸ್‌ಗಳ ಮೈಕ್ರೊಪ್ಟೆರಸ್. ಅಮೆರಿಕದಲ್ಲಿ ಗಾಳದ ಪಂದ್ಯಾಟಗಳು ನಡೆಯುವುದು ಬಹುಪಾಲು ಈ ಬಾಸ್‌ಗಳಿಗಾಗಿ. ಅವು ಉದ್ದ ಮೈಯ, ದೊಡ್ಡ ಬಾಯಿಯ ಬೇಟೆಗಾರ ಮೀನುಗಳು. ಅಂಗೈಯಗಲದ ಬ್ಲೂಗಿಲ್ ಪಕ್ಕದಲ್ಲಿಟ್ಟರೆ ಒಂದೇ ಕುಟುಂಬವೆಂದು ನಂಬುವುದು ಕಷ್ಟ. ಉಳಿದವು ಕ್ರ್ಯಾಪಿಗಳು, ರಾಕ್ ಬಾಸ್‌ಗಳು, ಜೌಗುನೀರಿನ ಕೆಲವು ಸಣ್ಣ ಮೀನುಗಳು, ಮೇಲೆ ಹೇಳಿದ ಸ್ಯಾಕ್ರಮೆಂಟೊದ ಒಂಟಿ. ಕುಲಗಳನ್ನು ಬೇರ್ಪಡಿಸಲು ಹೊಟ್ಟೆಯ ಹಿಂದೆ, ಗುದದ್ವಾರದ ಬಳಿ ಇರುವ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸುವುದು ಹಳೆಯ ಪದ್ಧತಿ. ಲೆಪೊಮಿಸ್‌ಗೂ ಬ್ಲ್ಯಾಕ್ ಬಾಸ್‌ಗಳಿಗೂ ಸಾಮಾನ್ಯವಾಗಿ ಮೂರು. ಕ್ರ್ಯಾಪಿ, ರಾಕ್ ಬಾಸ್‌ಗಳಿಗೆ ಐದು, ಆರು ಅಥವಾ ಅದಕ್ಕೂ ಹೆಚ್ಚು. ಇಷ್ಟು ಸರಳವಾದ ಎಣಿಕೆ ಇಂದಿಗೂ ಕೆಲಸಕ್ಕೆ ಬರುತ್ತದೆ.

ಹೆಸರಿಡುವ ಕಥೆ ಮಾತ್ರ ಅಷ್ಟು ಸರಳವಲ್ಲ. 1758ರಲ್ಲಿ ಲಿನೇಯಸ್ ಪಂಪ್‌ಕಿನ್‌ಸೀಡ್ ಮೀನನ್ನು ಯುರೋಪಿನ ಪರ್ಚ್‌ಗಳ ಜೊತೆಗೆ ಸೇರಿಸಿದ್ದ. ಅವನಿಗೆ ಗೊತ್ತಿದ್ದ ಮುಳ್ಳುಮೀನುಗಳಲ್ಲಿ ಅದು ಅವುಗಳ ಹತ್ತಿರದ್ದೆನಿಸಿತ್ತು. ಬ್ಲೂಗಿಲ್‌ಗೆ ಹೆಸರಿಟ್ಟವನು ರಫಿನೆಸ್ಕ್, 1819ರಲ್ಲಿ. ಇವನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1818ರ ಬೇಸಿಗೆಯಲ್ಲಿ ಅವನು ಕೆಂಟಕಿಯ ಹೆಂಡರ್‌ಸನ್ ಊರಿನಲ್ಲಿ, ಪಕ್ಷಿಚಿತ್ರಗಳಿಗೆ ಹೆಸರಾದ ಆಡುಬಾನ್‌ನ ಮನೆಯಲ್ಲಿ ಅತಿಥಿಯಾಗಿದ್ದ. ರಾತ್ರಿ ಕೋಣೆಗೆ ನುಗ್ಗಿದ ಬಾವಲಿಗಳು ಹೊಸ ಪ್ರಭೇದದವಿರಬೇಕೆಂದು, ಕೈಗೆ ಸಿಕ್ಕ ಆತಿಥೇಯನ ಪಿಟೀಲನ್ನೇ ಬೀಸಿ ಅದನ್ನು ಮುರಿದುಹಾಕಿದನಂತೆ. ಹಾಗೆಂದು ಆಡುಬಾನ್ ಬರೆದಿಟ್ಟಿದ್ದಾನೆ. ಆಡುಬಾನ್ ಕೂಡ ಸುಮ್ಮನಿರಲಿಲ್ಲ. ಒಹಾಯೊ ನದಿಯಲ್ಲಿ ಇರದ ಮೀನುಗಳನ್ನೆಲ್ಲ ಇವೆಯೆಂದು ವರ್ಣಿಸಿದ. ಅವುಗಳಲ್ಲಿ ಬಂದೂಕಿನ ಗುಂಡೂ ನಾಟದಂಥ ಗಟ್ಟಿ ಹುರುಪೆಯ ಒಂದು ಮೀನೂ ಇತ್ತು. ರಫಿನೆಸ್ಕ್ ಅವನ್ನೆಲ್ಲ ನಂಬಿ 1820ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿಬಿಟ್ಟ. ಇಷ್ಟಾದರೂ ಅವನು ಕಣ್ಣಾರೆ ಕಂಡು ವರ್ಣಿಸಿದ ಬ್ಲೂಗಿಲ್, ಗ್ರೀನ್ ಸನ್‌ಫಿಶ್, ಅವನು ಕಟ್ಟಿದ ಲೆಪೊಮಿಸ್ ಕುಲ ಎಲ್ಲವೂ ಇನ್ನೂರು ವರ್ಷ ಕಳೆದರೂ ಅಲುಗಾಡಿಲ್ಲ. ಆತುರಗಾರ ಸರಿ, ಆದರೆ ಮೀನು ಕೈಯಲ್ಲಿದ್ದಾಗ ಅವನ ಕಣ್ಣು ಚುರುಕಾಗಿತ್ತು ಎಂದೇ ನನ್ನ ಅಭಿಪ್ರಾಯ.

ಬ್ಲ್ಯಾಕ್ ಬಾಸ್‌ಗಳ ಪಾಡು ಇನ್ನೂ ವಿಚಿತ್ರ. 1802ರಲ್ಲಿ ಫ್ರಾನ್ಸಿನ ಲಾಸೆಪೆದ್ ತನ್ನ ಮುಂದಿದ್ದ ಸ್ಮಾಲ್‌ಮೌತ್ ಬಾಸ್‌ನ ಬೆನ್ನಿನ ಮೇಲೆ ಬಿಡಿಯಾದ ಪುಟ್ಟ ರೆಕ್ಕೆಯೊಂದನ್ನು ಕಂಡು, ಅದನ್ನೇ ಲಕ್ಷಣವಾಗಿಟ್ಟುಕೊಂಡು ಮೈಕ್ರೊಪ್ಟೆರಸ್ ಎಂಬ ಹೊಸ ಕುಲ ಕಟ್ಟಿದ. ಅದು ಗಾಯಗೊಂಡ ಮೀನು. ಹರಿದುಹೋದ ದೊಡ್ಡ ರೆಕ್ಕೆಯ ತುಂಡು ಬೇರೆ ರೆಕ್ಕೆಯ ಹಾಗೆ ಕಂಡಿತ್ತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬ ನಿಯಮದಿಂದ ಆ ಹೆಸರು ಹಾಗೇ ಉಳಿದಿದೆ. ಅದೇ ನಿಯಮ ಈಚೆಗೆ ಇನ್ನೊಂದು ಪೇಚನ್ನು ತಂದಿತು. ದಕ್ಷಿಣ ಕೆರೊಲೈನಾದ ಮೀನಿನ ಆಧಾರದಲ್ಲಿ ಇಟ್ಟ, ಲಾರ್ಜ್‌ಮೌತ್ ಬಾಸ್‌ಗೆ ಬಳಸುತ್ತಿದ್ದ 'ಸಾಲ್ಮೊಯ್ಡೀಸ್' ಎಂಬ ಹೆಸರು ನ್ಯಾಯವಾಗಿ ಸೇರಬೇಕಾದದ್ದು ಫ್ಲೋರಿಡಾ ಬಾಸ್‌ಗೆ ಎಂದು 2022ರಲ್ಲಿ ವಂಶವಾಹಿಗಳ ಅಧ್ಯಯನವೊಂದು ತೋರಿಸಿತು. ಹಾಗಾಗಿ ಲಾರ್ಜ್‌ಮೌತ್ ಬಾಸ್ ಈಗ ಮೈಕ್ರೊಪ್ಟೆರಸ್ ನೈಗ್ರಿಕನ್ಸ್ ಆಗಿದೆ. ಹಳೆಯ ಪುಸ್ತಕಗಳಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡಿ.

ಕುಟುಂಬವನ್ನು ಯಾವ ಗಣದಲ್ಲಿಡಬೇಕು ಎಂಬುದೂ ಬದಲಾಗಿದೆ. ಬಹುಕಾಲ ಮುಳ್ಳುರೆಕ್ಕೆಯ ಮೀನುಗಳನ್ನೆಲ್ಲ ಪರ್ಚ್ ಗಣ ಎಂಬ ಒಂದೇ ದೊಡ್ಡ ಚೀಲಕ್ಕೆ ತುಂಬುತ್ತಿದ್ದರು. ಈಗ ಸನ್‌ಫಿಶ್‌ಗಳಿಗೆ ತಮ್ಮದೇ ಗಣವಿದೆ, ಸೆಂಟ್ರಾರ್ಕಿಫಾರ್ಮಿಸ್. ಅದರೊಳಗಿನ ನೆಂಟರನ್ನು ನೋಡಿದರೆ ಆಶ್ಚರ್ಯವಾಗುತ್ತದೆ: ಆಸ್ಟ್ರೇಲಿಯಾದ ಮರ್ರಿ ಕಾಡ್, ಚೀನಾದ ನದಿಗಳ ಮ್ಯಾಂಡರಿನ್ ಮೀನು, ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಸಿಗುವ, ಮೈಮೇಲೆ ಬಿಲ್ಲಿನಂತೆ ಬಾಗಿದ ಕಪ್ಪು ಗೆರೆಗಳಿರುವ ತೆರಪಾನ್ ಜಾರ್ಬುವಾ. ನಿಮ್ಮ ಮೊಮ್ಮಗನ ಮೀನಿಗೆ ಕರ್ನಾಟಕದಲ್ಲಿ ನೆಂಟರನ್ನು ಹುಡುಕುವುದಾದರೆ ಜಿಲೇಬಿಯನ್ನು ಬಿಟ್ಟು ಈ ಉಪ್ಪುನೀರಿನ ಮೀನಿನ ಮನೆಗೆ ಹೋಗಬೇಕು. ಇನ್ನೊಂದು ಕಡೆ, ಐದು ಸೆಂಟಿಮೀಟರ್ ಕೂಡ ಮೀರದ ಪಿಗ್ಮಿ ಸನ್‌ಫಿಶ್‌ಗಳನ್ನು ಹಿಂದೆ ಇದೇ ಕುಟುಂಬದ ಕುಳ್ಳರೆಂದು ಎಣಿಸುತ್ತಿದ್ದರು. ಈಗ ಅವನ್ನು ಪಕ್ಕದ ಬೇರೆ ಮನೆಯಾಗಿ, ಎಲಸ್ಸೊಮ್ಯಾಟಿಡೆ ಎಂಬ ಸ್ವಂತ ಕುಟುಂಬವಾಗಿ ಬೇರ್ಪಡಿಸಿದ್ದಾರೆ.

ವರ್ಗೀಕರಣಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಭಾಗ ಇವುಗಳ ಸಂಸಾರ. ವಸಂತ ಮುಗಿದು ನೀರು ಬೆಚ್ಚಗಾಗುವ ಹೊತ್ತಿಗೆ ಗಂಡು ಬ್ಲೂಗಿಲ್ ದಡದ ಹತ್ತಿರ ಕಡಿಮೆ ಆಳದಲ್ಲಿ ಬಾಲವನ್ನು ಬಡಿದು ಬಡಿದು ಕೆಸರನ್ನು ಸರಿಸುತ್ತದೆ. ತಳದ ಮರಳು, ಕಲ್ಲು ಕಾಣುವ ಹಾಗೆ ದುಂಡನೆಯ ತಗ್ಗೊಂದನ್ನು ಮಾಡುತ್ತದೆ. ಒಂದರ ಪಕ್ಕ ಒಂದು ಗೂಡು ಕಟ್ಟುವುದು ಇವುಗಳ ಅಭ್ಯಾಸ. ತಿಳಿನೀರಿನಲ್ಲಿ ಮೇಲಿನಿಂದ ನೋಡಿದರೆ ದೋಸೆಕಾವಲಿಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಕಾಣುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲಿನದೆಲ್ಲ ಗಂಡಿನ ಪಾಲು: ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುವುದು, ಬಸವನಹುಳು, ಬೇರೆ ಮೀನುಗಳನ್ನು ಓಡಿಸುವುದು, ಮರಿಯೊಡೆದ ಮೇಲೂ ಅವು ಈಜಿಕೊಂಡು ಹೋಗುವವರೆಗೆ ಕಾವಲಿರುವುದು. ಈ ದಿನಗಳಲ್ಲಿ ಅದು ಹೊಟ್ಟೆ ತುಂಬ ತಿನ್ನುವುದೂ ಇಲ್ಲ. ನಮ್ಮ ಕೆರೆಗಳ ತಿಲಾಪಿಯಾ ಗಂಡೂ ತಗ್ಗು ತೋಡುತ್ತದೆ; ಆದರೆ ಅಲ್ಲಿ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ಹೋಗಿ ತಾನೇ ಸಾಕುತ್ತದೆ.

ಇಂಥ ಶ್ರಮಜೀವಿ ತಂದೆಯನ್ನು ಮೋಸಗೊಳಿಸುವವರೂ ಇದ್ದಾರೆ. ಕೆನಡಾದ ಒಂಟಾರಿಯೊದ ಓಪಿನಿಕಾನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಎಂಬ ವಿಜ್ಞಾನಿ 1970ರ ದಶಕದ ಕೊನೆಯಿಂದ ಇದನ್ನು ವಿವರವಾಗಿ ಗಮನಿಸಿದರು. ಅಲ್ಲಿ ಗೂಡು ಕಟ್ಟುವ ಗಂಡು ಪ್ರಾಯಕ್ಕೆ ಬರಲು ಸುಮಾರು ಏಳು ವರ್ಷ ಬೇಕು. ಆದರೆ ಗಂಡುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಬೇರೆ ದಾರಿ ಹಿಡಿಯುತ್ತವೆ. ಅವು ಎರಡು ವರ್ಷಕ್ಕೇ ಪ್ರಾಯಕ್ಕೆ ಬಂದು, ಬೆರಳುದ್ದದ ಮೈಯಲ್ಲಿ ಜೊಂಡಿನ ಹಿಂದೆ ಅಡಗಿ ಕೂರುತ್ತವೆ. ಗೂಡಿನಲ್ಲಿ ಜೋಡಿ ಸೇರಿದ ಕ್ಷಣ ನುಗ್ಗಿ, ತಮ್ಮ ವೀರ್ಯ ಬಿಟ್ಟು ಓಡಿಹೋಗುತ್ತವೆ. ಇನ್ನೂ ಸ್ವಲ್ಪ ಬೆಳೆದಾಗ ಅವುಗಳ ತಂತ್ರ ಬದಲಾಗುತ್ತದೆ: ಮೈಬಣ್ಣ, ನಡೆ ಎರಡರಲ್ಲೂ ಹೆಣ್ಣನ್ನು ಹೋಲುತ್ತ ನಿಧಾನಕ್ಕೆ ಗೂಡಿನೊಳಕ್ಕೆ ಇಳಿಯುತ್ತವೆ. ಯಜಮಾನ ಗಂಡು ಎರಡು ಹೆಣ್ಣು ಬಂದಿವೆ ಎಂದುಕೊಳ್ಳುತ್ತದೆ. ಇವು ಒಮ್ಮೆಯೂ ಗೂಡು ಕಟ್ಟುವುದಿಲ್ಲ, ಮರಿ ಕಾಯುವುದಿಲ್ಲ, ಆಯಸ್ಸೂ ಕಡಿಮೆ. ಕಳ್ಳರು ವಿರಳವಾಗಿದ್ದಾಗ ಕಳ್ಳತನ ಲಾಭ; ಹೆಚ್ಚಾದರೆ ನುಗ್ಗಲು ಗೂಡುಗಳೇ ಸಾಲವು. ಆದ್ದರಿಂದ ಎರಡೂ ಬಗೆಯ ಗಂಡುಗಳು ಒಂದೇ ಕೆರೆಯಲ್ಲಿ ಉಳಿದುಕೊಂಡಿವೆ. ತಂದೆಯೂ ಪೂರ್ತಿ ಪೆದ್ದನಲ್ಲ: ಅದೇ ಸರೋವರದ ನಂತರದ ಪ್ರಯೋಗಗಳ ಪ್ರಕಾರ, ಮರಿಯೊಡೆದ ಮೇಲೆ ಮರಿಗಳ ವಾಸನೆಯಿಂದ ತನ್ನವು ಎಷ್ಟೆಂದು ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ಕಾವಲನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದರ ಒಂದು ಮುಖ್ಯ ಅಧ್ಯಯನ ನಡೆದದ್ದು ನಿಮ್ಮ ಮೊಮ್ಮಗನ ಮಿಷಿಗನ್‌ನಲ್ಲೇ. ಅರ್ಲ್ ವರ್ನರ್ ಮತ್ತು ಡೊನಾಲ್ಡ್ ಹಾಲ್ 1974ರಲ್ಲಿ ತೋರಿಸಿದಂತೆ, ನೀರುಚಿಗಟಗಳು ಅಪರೂಪವಾಗಿದ್ದರೆ ಬ್ಲೂಗಿಲ್ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಹೇರಳವಾಗಿದ್ದರೆ ಸಣ್ಣವನ್ನು ಬಿಟ್ಟು ದೊಡ್ಡವನ್ನೇ ಆರಿಸುತ್ತದೆ. ಮರಿ ಬ್ಲೂಗಿಲ್‌ಗಳಿಗೆ ತೆರೆದ ನೀರಿನಲ್ಲಿ ಊಟ ಚೆನ್ನಾಗಿದ್ದರೂ ಬಾಸ್‌ಗಳ ಭಯಕ್ಕೆ ಜೊಂಡಿನಲ್ಲೇ ಅರೆಹೊಟ್ಟೆಯಲ್ಲಿರುತ್ತವೆ. ಪಂಪ್‌ಕಿನ್‌ಸೀಡ್ ಹಾಗಲ್ಲ, ಗಂಟಲಿನ ದವಡೆಗಳ ನಡುವೆ ಬಸವನಹುಳುವಿನ ಚಿಪ್ಪನ್ನು ಪುಡಿಮಾಡಿ ನುಂಗುತ್ತದೆ. ಹುಳು ಹೆಚ್ಚಿರುವ ಕೆರೆಯಲ್ಲಿ ಬೆಳೆದ ಮೀನುಗಳ ಗಂಟಲ ಸ್ನಾಯು ಬೇರೆಯವಕ್ಕಿಂತ ದಪ್ಪವಾಗಿರುತ್ತದೆ.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಈ ಮೀನುಗಳು ಊರು ಬಿಟ್ಟು ಹೋದ ಹಲವು ಕಡೆ ತೊಂದರೆ ಕೊಟ್ಟಿವೆ. 1960ರಲ್ಲಿ ಜಪಾನಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋದಾಗ ಷಿಕಾಗೊದ ಮೇಯರ್ ಅವರಿಗೆ ಬ್ಲೂಗಿಲ್‌ಗಳನ್ನು ಉಡುಗೊರೆ ಕೊಟ್ಟರು. ಆಹಾರಕ್ಕಾಗಿ ಸಾಕಬಹುದೆಂದು ಅವನ್ನು ಸಂಶೋಧನಾ ಸಂಸ್ಥೆಗೆ ಒಪ್ಪಿಸಲಾಯಿತು. ಅಲ್ಲಿಂದ ಅವು ದೇಶದ ಕೆರೆ ನದಿಗಳಿಗೆಲ್ಲ ಹಬ್ಬಿ, ಬಿವಾ ಸರೋವರದ ಮೂಲ ಮೀನುಗಳ ಮೊಟ್ಟೆ ಮರಿಗಳನ್ನು ತಿನ್ನತೊಡಗಿದವು. ಅಕಿಹಿತೊ ಸ್ವತಃ ಗೋಬಿ ಮೀನುಗಳ ತಜ್ಞರು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಬಿವಾದ ದಂಡೆಯ ಸಮಾರಂಭವೊಂದರಲ್ಲಿ ಈ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು. ಲಾರ್ಜ್‌ಮೌತ್ ಬಾಸ್ ಜಪಾನಿಗೆ 1925ರಲ್ಲೇ ಬಂದಿತ್ತು. ಅದು ಎಷ್ಟು ಕೊಬ್ಬಿ ಬೆಳೆಯಿತೆಂದರೆ, ಅಮೆರಿಕದ ಜಾರ್ಜಿಯಾದಲ್ಲಿ 1932ರಲ್ಲಿ ಆಗಿದ್ದ ಸುಮಾರು 10 ಕಿಲೊ ತೂಕದ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಬಿವಾ ಸರೋವರದ ಮೀನು. ಪಂಪ್‌ಕಿನ್‌ಸೀಡ್ ಅನ್ನು ಯುರೋಪಿನ ಒಕ್ಕೂಟವೂ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಯಾರಾದರೂ ಅಕ್ವೇರಿಯಂಗೆಂದು ಇಂಥ ಮೀನನ್ನು ನಮ್ಮಲ್ಲಿಗೆ ತರುವ ಮಾತಾಡಿದರೆ ದಯವಿಟ್ಟು ಬೇಡವೆನ್ನಿ.

ಕೊನೆಯದಾಗಿ, ನನ್ನ ಗುರುತಿಸುವಿಕೆಗೆ ಒಂದು ಷರತ್ತಿದೆ. ಲೆಪೊಮಿಸ್ ಕುಲದ ಮೀನುಗಳು ತಮ್ಮತಮ್ಮಲ್ಲಿ ಸುಲಭವಾಗಿ ಬೆರಕೆಯಾಗುತ್ತವೆ. ಗೂಡುಗಳು ಒತ್ತೊತ್ತಾಗಿರುವ ಸಣ್ಣ ಕೆರೆಗಳಲ್ಲಂತೂ ಇದು ಸಾಮಾನ್ಯ. ಬ್ಲೂಗಿಲ್ ಮತ್ತು ಗ್ರೀನ್ ಸನ್‌ಫಿಶ್‌ಗಳ ಬೆರಕೆಯನ್ನು ಅಮೆರಿಕದವರು ಬೇಕೆಂದೇ ಹೊಂಡಗಳಲ್ಲಿ ಬಿಡುವುದೂ ಉಂಟು, ಅವುಗಳ ಮರಿಗಳಲ್ಲಿ ಗಂಡುಗಳೇ ಹೆಚ್ಚು. ಬೆರಕೆ ಮೀನಿನಲ್ಲಿ ಒಂದರ ಬಾಯಿ, ಇನ್ನೊಂದರ ಕಿವಿ ಸೇರಿಕೊಂಡಿರುತ್ತದೆ. ಹಾಗಾಗಿ ಮುಂದಿನ ಸಲ ಮೊಮ್ಮಗ ಗಾಳ ಹಾಕಿದಾಗ ಕಿವಿಯನ್ನೂ ಬಾಯಿಯನ್ನೂ ಪಕ್ಕದಿಂದ ಹತ್ತಿರ ಹಿಡಿದು ಫೋಟೊ ತೆಗೆಯಲು ಹೇಳಿ, ಹೊಟ್ಟೆಯ ಹಿಂದಿನ ರೆಕ್ಕೆಯ ಮುಳ್ಳುಗಳನ್ನು ಎಣಿಸಲಿ. ಹಿಡಿಯುವ ಮುನ್ನ ಕೈ ಒದ್ದೆ ಮಾಡಿಕೊಳ್ಳಲಿ, ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಮಲಗಿಸಲಿ, ಇಲ್ಲದಿದ್ದರೆ ಅಂಗೈಗೆ ಚುಚ್ಚುತ್ತವೆ. ಎಣಿಕೆ ಮೂರಕ್ಕಿಂತ ಹೆಚ್ಚು ಬಂದರೆ ಅದು ಬ್ಲೂಗಿಲ್ ಅಲ್ಲ. ಆಗ ಫೋಟೊ ಸಮೇತ ಇನ್ನೊಮ್ಮೆ ಬರೆಯಿರಿ.